ಹೆಬ್ಬೆರಳನ್ನು ಹಿಂಬಾಲಿಸಿ: ಲೆವೆಲ್ 42ರ ಮೊದಲ ಆಲ್ಬಮ್ ಕೇಳುವ ಬಗೆ

ಸೌತಾಂಪ್ಟನ್‌ನಲ್ಲಿ ನಮ್ಮ ಮನೆಯ ಹತ್ತಿರ ಒಂದು ಚಾರಿಟಿ ಅಂಗಡಿ ಇದೆ. ಅಲ್ಲಿ ಹಳೆ ಎಲ್‌ಪಿಗಳ ಪೆಟ್ಟಿಗೆ ತಡಕುವಾಗ, ಜಾಝ್ ಮತ್ತು ಫಂಕ್ ಬೆರೆಸಿ ನುಡಿಸುವ ಬ್ರಿಟಿಷ್ ಬ್ಯಾಂಡ್ ಲೆವೆಲ್ 42ರ ಮೊದಲ ಆಲ್ಬಮ್ ಸಿಕ್ಕಿತು. ಬೆಲೆ ಎರಡು ಪೌಂಡ್. 1981ರಲ್ಲಿ ಪಾಲಿಡೋರ್ ಕಂಪನಿಯಿಂದ ಬಂದದ್ದು, ಹೆಸರೂ 'ಲೆವೆಲ್ 42' ಅಂತಲೇ. ಮನೆಗೆ ತಂದು ಹಾಕಿ, ಪಾತ್ರೆ ತೊಳೆಯುತ್ತಾ ಕೇಳಿದೆ. ಏನೂ ಕಿವಿಗೆ ಹತ್ತಲಿಲ್ಲ. ನಲ್ಲಿ ನೀರಿನ ಸದ್ದಿನ ನಡುವೆ ಟಿಕ್ ಟಿಕ್ ಅನ್ನುವ ಶಬ್ದ, ಅದರ ಮೇಲೊಂದು ಎತ್ತರದ ದನಿ, ಅಷ್ಟೇ. ಎರಡು ತಿಂಗಳು ಅದು ಕಪಾಟಿನಲ್ಲೇ ಉಳಿಯಿತು.

ಅದನ್ನು ಮತ್ತೆ ಕೈಗೆತ್ತಿಕೊಳ್ಳುವ ಹಾಗೆ ಮಾಡಿದ್ದು ನಾನು ಕೆಲಸ ಮಾಡುವ ಆಸ್ಪತ್ರೆಯ ಒಬ್ಬ ಹಿರಿಯ ಪೋರ್ಟರ್. ಹುಡುಗನಾಗಿದ್ದಾಗ ನಾರ್ಫಕ್ ಕರಾವಳಿಯ ಕೇಸ್ಟರ್‌ನಲ್ಲಿ ನಡೆಯುತ್ತಿದ್ದ ಸೋಲ್ ವೀಕೆಂಡರ್‌ಗಳಿಗೆ ಹೋಗುತ್ತಿದ್ದವರು. ಸಮುದ್ರದ ಪಕ್ಕದ ಹಾಲಿಡೇ ಕ್ಯಾಂಪಿನಲ್ಲಿ ವಾರಾಂತ್ಯವಿಡೀ ಜಾಝ್-ಫಂಕ್, ಸೋಲ್, ಕುಣಿತ. 1979ರಲ್ಲಿ ಶುರುವಾದದ್ದು ಅದು. ನೈಟ್ ಶಿಫ್ಟಿನಲ್ಲಿ ಟೀ ಕುಡಿಯುವಾಗ ನನ್ನ ಕಥೆ ಹೇಳಿದೆ. ಅವರು ಕಪ್ ಕೆಳಗಿಟ್ಟು, ಮೇಜಿನ ಮೇಲೆ ಹೆಬ್ಬೆರಳಿನಿಂದ ಟಕಟಕ ಬಡಿದು, "ನೀನು ಹಾಡು ಬರಲಿ ಅಂತ ಕಾಯ್ತಾ ಕೂತಿದ್ದೀಯ. ಹಾಡಿಗೆ ಕಾಯಬೇಡ, ಬೇಸ್ ಗಿಟಾರ್ ನುಡಿಸುವವನ ಹೆಬ್ಬೆರಳಿನ ಹಿಂದೆ ಹೋಗು" ಅಂದರು.

ಕೆಳಗೆ ಬರೆದಿರುವುದು ಆ ಮಾತು ಹಿಡಿದು ನಾನು ಕಂಡುಕೊಂಡ ದಾರಿ.

ಮೊದಲು ಸದ್ದು ಸರಿಮಾಡಿಕೊಳ್ಳಿ. ಮೊಬೈಲಿನ ಸ್ಪೀಕರ್ ಮಾತ್ರ ಬೇಡ. ಬೇಸ್ ಗಿಟಾರ್ ಅಂದರೆ ತಗ್ಗಿನ ಸ್ವರದ, ನಾಲ್ಕು ತಂತಿಯ ಗಿಟಾರ್. ಅದರ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ಅಷ್ಟು ತಗ್ಗಿನ ನಾದ ಹೊರಡಿಸುವ ಶಕ್ತಿ ಆ ಪುಟ್ಟ ಸ್ಪೀಕರಿಗೆ ಇರುವುದಿಲ್ಲ. ಹೆಡ್‌ಫೋನ್ ಇದ್ದರೆ ಸಾಕು. ಎರಡು ಸ್ಪೀಕರ್ ಇದ್ದರೆ ಎರಡಕ್ಕೂ ಸಮ ದೂರದಲ್ಲಿ ಕೂತುಕೊಳ್ಳಿ.

ಆಮೇಲೆ ತಗ್ಗಿನ ಸದ್ದನ್ನು ಉಬ್ಬಿಸುವ 'ಬೇಸ್ ಬೂಸ್ಟ್' ಆಫ್ ಮಾಡಿ. ಬೇಸ್ ಕೇಳಿ ಅಂತ ಹೇಳಿ ಬೇಸ್ ಬೂಸ್ಟ್ ಬೇಡ ಅನ್ನುತ್ತೀರಲ್ಲ ಅಂತ ಅನ್ನಿಸಬಹುದು. ಕಾರಣ ಇದೆ. ಈ ರೆಕಾರ್ಡಿನಲ್ಲಿ ಬೇಸಿನ ಜೀವ ಇರುವುದು ಬರೀ ಗುಡುಗಿನಲ್ಲಿ ಅಲ್ಲ, ತಂತಿ ಗಿಟಾರಿನ ಕತ್ತಿನ ಮೇಲಿರುವ ಲೋಹದ ಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ಬಡಿದಾಗ ಹೊರಡುವ 'ಕ್ಲಿಕ್' ಸದ್ದಿನಲ್ಲಿ. ಅದು ಮೇಲಿನ ಸ್ಥಾಯಿಯ ಸದ್ದು. ಕೆಳಗಿನದನ್ನು ಉಬ್ಬಿಸಿದರೆ ಅದು ಮುಚ್ಚಿಹೋಗುತ್ತದೆ.

ಹಳೆಯ ಎಲ್‌ಪಿ ತಂದಿದ್ದರೆ ಹಾಕುವ ಮುಂಚೆ ಒರೆಸಿ. ನನ್ನ ಪ್ರತಿಯಲ್ಲಿ 'ವೈ ಆರ್ ಯೂ ಲೀವಿಂಗ್?' ಹಾಡಿನ ನಡುವೆ ಮುಳ್ಳು ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗೀರು ಬಿದ್ದಿದೆ ಅಂದುಕೊಂಡಿದ್ದೆ. ಟೇಬಲ್ ಲ್ಯಾಂಪಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಜೀರಿಗೆ ಕಾಳಿನಷ್ಟು ಅಂಟು. ಡಿಯಾನೈಸ್ಡ್ (ಖನಿಜ ತೆಗೆದ) ನೀರಿನಲ್ಲಿ ಮೈಕ್ರೋಫೈಬರ್ ಬಟ್ಟೆ ಅದ್ದಿ, ಹಿಂಡಿ, ಗೆರೆಗಳ ಗುಂಟ ಸುತ್ತ ಒರೆಸಿದೆ. ಗೆರೆಗೆ ಅಡ್ಡವಾಗಿ ಒರೆಸಬಾರದು. ನಡುವಿನ ಲೇಬಲ್ಲಿಗೆ ನೀರು ತಾಗಬಾರದು. ಪೂರ್ತಿ ಒಣಗಿದ ಮೇಲೆ ಹಾಕಿದೆ, ಹಾಡು ಸರಾಗವಾಗಿ ದಾಟಿತು.

ಈಗ ಕೇಳುವ ಕ್ರಮ. ಎಂಟು ಟ್ರ್ಯಾಕ್‌ಗಳಿವೆ, ಒಂದೊಂದು ಬದಿಗೆ ನಾಲ್ಕು. ಮೊದಲನೇ ಸಲ ಮೊದಲಿನಿಂದ ಶುರು ಮಾಡಬೇಡಿ. ಎರಡನೇ ಬದಿಯ ಎರಡನೇ ಟ್ರ್ಯಾಕ್ 'ಲವ್ ಗೇಮ್ಸ್'ಗೆ ನೇರ ಹೋಗಿ. ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ 38ನೇ ಸ್ಥಾನಕ್ಕೆ ಬಂದ ಹಾಡು ಅದು. ಇಡೀ ಆಲ್ಬಮ್ಮಿನ ಬೀಗದ ಕೈ ಅಂತಲೇ ನಾನು ಹೇಳುತ್ತೇನೆ.

ಅದನ್ನು ಹಾಕಿ, ಕಾಲಿನಲ್ಲಿ ತಾಳ ಹಾಕಿ. ಒಂದು, ಎರಡು, ಮೂರು, ನಾಲ್ಕು. ಪ್ರತಿ ಏಟಿಗೂ ಬಾಯಲ್ಲಿ ಒಂದು 'ತಕದಿಮಿ' ಹೇಳಿ. ನಾಲ್ಕು ಏಟಿಗೆ ನಾಲ್ಕು ತಕದಿಮಿ, ಒಟ್ಟು ಹದಿನಾರು ಅಕ್ಷರ. ಫಂಕ್ ಸಂಗೀತ ಪೂರ್ತಿ ಈ ಹದಿನಾರು ಮನೆಗಳ ಮೇಲೆ ನಿಂತಿದೆ. ಶುರುವಿನಲ್ಲಿ ನಾಲಿಗೆ ಹಿಂದೆ ಬೀಳುತ್ತದೆ. ಪರವಾಗಿಲ್ಲ, ಮತ್ತೆ ಹಾಕಿ. ಮೂರನೇ ಸಲಕ್ಕೆ ನಿಮ್ಮ ತಕದಿಮಿ ಮತ್ತು ಬೇಸ್ ಒಂದಕ್ಕೊಂದು ಕೂಡುತ್ತವೆ. ಯಾವ ಅಕ್ಷರದ ಮೇಲೆ ತಂತಿ ಪೂರ್ತಿ ದನಿ ತೆಗೆಯುತ್ತದೆ, ಯಾವ ಅಕ್ಷರದ ಮೇಲೆ ಬರೀ 'ಟಕ್' ಅನ್ನುತ್ತದೆ ಅಂತ ಆಗ ಗೊತ್ತಾಗುತ್ತದೆ. ನಾನು ಅಡುಗೆಮನೆಯಲ್ಲಿ ಕೇಳಿದ ಆ ಟಿಕ್ ಟಿಕ್ ಇದೇ!

ಆ ಕೈ ಏನು ಮಾಡುತ್ತಿದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಬಲಗೈಯ ಹೆಬ್ಬೆರಳಿನ ಗಂಟು ತಂತಿಯ ಮೇಲೆ ಬಡಿದು ತಕ್ಷಣ ಮೇಲೇಳುತ್ತದೆ. ತೋರುಬೆರಳು ಇನ್ನೊಂದು ತಂತಿಯನ್ನು ಕೆಳಗಿನಿಂದ ಎತ್ತಿ ಚಟ್ ಅಂತ ಬಿಡುತ್ತದೆ. ಸ್ಲ್ಯಾಪ್ ಬೇಸ್ ಅನ್ನುವುದು ಇದನ್ನೇ. ಅಮೆರಿಕದ ಫಂಕ್ ಬೇಸಿಗರು ಇದನ್ನು ಮೊದಲೇ ಮಾಡಿದ್ದರು. ಲೆವೆಲ್ 42ರ ಬೇಸ್ ವಾದಕ ಮಾರ್ಕ್ ಕಿಂಗ್ ಅದಕ್ಕೆ ಎಡಗೈಯನ್ನೂ ಜೋರಾಗಿ ಸೇರಿಸಿದರು. ಎರಡು ಹೆಬ್ಬೆರಳೇಟಿನ ನಡುವಿನ ಸಂದಿಯಲ್ಲಿ ಎಡಗೈ ಬೆರಳುಗಳು ತಂತಿಗಳ ಮೇಲೆ ಚಪ್ಪಟೆಯಾಗಿ ಬಡಿಯುತ್ತವೆ. ನಾದ ಬರುವುದಿಲ್ಲ, ಬರೀ ಬಡಿತ ಬರುತ್ತದೆ. ಹೆಬ್ಬೆರಳು, ಎಡಗೈ, ಹೆಬ್ಬೆರಳು, ಎಡಗೈ ಅಂತ ಹದಿನಾರೂ ಮನೆ ತುಂಬುತ್ತವೆ. ನೀವೇ ಒಂದು ಸಲ ತೊಡೆಯ ಮೇಲೆ ಎರಡೂ ಕೈಯಲ್ಲಿ ಬಡಿದು ನೋಡಿ, ಆ ವೇಗ ಎಂಥದ್ದು ಅಂತ ಕೈಗೇ ತಿಳಿಯುತ್ತದೆ.

ಇದು ಡ್ರಮ್ಮರ್ ಯೋಚನೆ ಅಲ್ವಾ? ಹೌದು. ಮಾರ್ಕ್ ಕಿಂಗ್ ಮೊದಲು ಡ್ರಮ್ಮರ್. 1958ರಲ್ಲಿ ಐಲ್ ಆಫ್ ವೈಟ್ ದ್ವೀಪದ ಕೌಸ್ ಊರಿನಲ್ಲಿ ಹುಟ್ಟಿದವರು. ಬಿಲ್ಲಿ ಕಾಬಮ್ ಡ್ರಮ್ಸ್ ನುಡಿಸುತ್ತಿದ್ದ ಮಹಾವಿಷ್ಣು ಆರ್ಕೆಸ್ಟ್ರಾ ಅನ್ನುವ ಜಾಝ್-ರಾಕ್ ಬ್ಯಾಂಡ್ ಅಂದರೆ ಪ್ರಾಣ. ಲಂಡನ್‌ಗೆ ಬಂದು ವಾದ್ಯಗಳ ಅಂಗಡಿಯಲ್ಲಿ ಕೆಲಸ ಮಾಡುವಾಗ ಬೇಸ್ ಹಿಡಿದರು. ಬ್ಯಾಂಡಿನಲ್ಲಿ ಫಿಲ್ ಗೌಲ್ಡ್ ಆಗಲೇ ಡ್ರಮ್ಸ್‌ಗೆ ಇದ್ದರು, ಬೇಸಿನ ಜಾಗ ಖಾಲಿ ಇತ್ತು. ಆ ಕೈಯಲ್ಲಿದ್ದ ಡ್ರಮ್ಸ್ ಎಲ್ಲ ನಾಲ್ಕು ತಂತಿಗೆ ಇಳಿಯಿತು. ಮುಂದೆ ಅವರು ಬಳಸಿದ ತಂತಿಗಳೂ ತುಂಬಾ ತೆಳು. ಅತಿ ಸಣ್ಣದು ಇಂಚಿನ ಸಾವಿರದಲ್ಲಿ 30 ಪಾಲು, ಅತಿ ದಪ್ಪದ್ದು 90. ಸಾಮಾನ್ಯ ಬೇಸ್‌ನಲ್ಲಿ ಇದು 45ರಿಂದ 105ರವರೆಗೆ ಇರುತ್ತದೆ. ತೆಳು ತಂತಿ ಬೇಗ ಪುಟಿಯುತ್ತದೆ, ಸದ್ದು ಚುರುಕಾಗುತ್ತದೆ.

ಹೆಬ್ಬೆರಳು ಕಿವಿಗೆ ಸಿಕ್ಕ ಮೇಲೆ '43'ಕ್ಕೆ ಬನ್ನಿ. ಮೊದಲ ಬದಿಯ ಎರಡನೆಯದು. ಇದರಲ್ಲಿ ಹಾಡುಗಾರಿಕೆ ಇಲ್ಲ, ಬರೀ ವಾದ್ಯ. ಹಾಗಾಗಿ ಹಾಡಿಗೆ ಕಾಯುವ ಚಟ ತಾನಾಗೇ ಬಿಟ್ಟುಹೋಗುತ್ತದೆ. ಇಲ್ಲಿ ಫಿಲ್ ಗೌಲ್ಡ್‌ರ ಹೈ-ಹ್ಯಾಟ್ ಒಂದನ್ನೇ ಹಿಡಿಯಿರಿ. ಹೈ-ಹ್ಯಾಟ್ ಅಂದರೆ ಡ್ರಮ್ಸ್‌ನಲ್ಲಿ ಒಂದರ ಮೇಲೊಂದು ಕೂತಿರುವ ಎರಡು ತಾಳಗಳು, ಕಾಲಿನಿಂದ ಮುಚ್ಚಿ ತೆರೆಯುವುದು. ಬೇಸ್ ಇಷ್ಟು ಮಾತಾಡುವಾಗ ಡ್ರಮ್ಮರ್ ಕೂಡ ಅಷ್ಟೇ ಮಾತಾಡಿದರೆ ಗದ್ದಲ ಆಗುತ್ತದೆ. ಫಿಲ್ ಗದ್ದಲ ಮಾಡುವುದಿಲ್ಲ. ಹಗುರವಾಗಿ, ನೇರವಾಗಿ ನುಡಿಸುತ್ತಾ ಬೇಸಿಗೆ ಜಾಗ ಬಿಡುತ್ತಾರೆ. ಅವರ ಸಂಯಮ ಇಲ್ಲದಿದ್ದರೆ ಆ ಹೆಬ್ಬೆರಳು ಇಷ್ಟು ಮಿಂಚುತ್ತಿರಲಿಲ್ಲ.

ಮೂರನೇ ಸಲಕ್ಕೆ ಕೀಬೋರ್ಡ್. ಮೈಕ್ ಲಿಂಡಪ್ ಲಂಡನ್‌ನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಕಲಿತವರು. ತಾಯಿ ಬೆಲೀಜ್ ಮೂಲದ ನಟಿ, ಗಾಯಕಿ ನಾಡಿಯಾ ಕಟೂಸ್. ನಾನು ಮೊದಲ ದಿನ ನಲ್ಲಿಯ ಸದ್ದಿನ ಮೇಲೆ ಕೇಳಿದ ಎತ್ತರದ ದನಿ ಮೈಕ್‌ರದ್ದು. ಇವರ ಜೊತೆ ಇನ್ನೊಬ್ಬರಿದ್ದಾರೆ, ವಾಲಿ ಬಾದಾರೂ. ಬ್ಯಾಂಡಿನ ನಾಲ್ಕು ಜನರಲ್ಲಿ ಒಬ್ಬರಲ್ಲ, ಆದರೆ ಸಿಂಥಸೈಜರ್‌ನಲ್ಲಿ ಐದನೆಯವರ ಹಾಗೆ ಜೊತೆಗಿದ್ದವರು. ಅದೇ 1981ರಲ್ಲಿ ಗಾಯಕಿ ಗ್ರೇಸ್ ಜೋನ್ಸ್‌ರ 'ನೈಟ್‌ಕ್ಲಬಿಂಗ್' ಆಲ್ಬಮ್ಮಿಗೂ ನುಡಿಸಿದ್ದರು. ಹಾಡಿನ ಹಿಂದೆ ನಿಧಾನವಾಗಿ ಅರಳುವ ದಟ್ಟ ಸ್ವರಗಳನ್ನು ಹುಡುಕಿ. ಹೆಬ್ಬೆರಳು ಓಡುವಾಗ ಅವು ಓಡುವುದಿಲ್ಲ. ಒಂದು ಓಡುತ್ತದೆ, ಇನ್ನೊಂದು ತೇಲುತ್ತದೆ. ಈ ಆಲ್ಬಮ್ ನನಗೆ ಹಿಡಿಸಿದ್ದು ಆ ಎರಡು ವೇಗಗಳ ನಡುವೆ.

ಕೊನೆಗೆ ಬೂನ್ ಗೌಲ್ಡ್‌ರ ಗಿಟಾರ್. ಫಿಲ್‌ರ ಅಣ್ಣ. ಇವರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದು ನನಗೆ ನಿಜಕ್ಕೂ ಬೇಸರ. ಎಲ್ಲರ ಕಿವಿ ಬೇಸಿನ ಮೇಲಿರುವಾಗ ಬೂನ್ ಸಣ್ಣ ಸಣ್ಣ ತುಣುಕು ಇಡುತ್ತಾ ಹೋಗುತ್ತಾರೆ. ಅದಕ್ಕೇ ಇವರಿಗೊಂದು ಪ್ರತ್ಯೇಕ ಸಲ ಮೀಸಲಿಡಿ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, 'ಟರ್ನ್ ಇಟ್ ಆನ್'ನಲ್ಲಿ ಗಿಟಾರ್ ಒಂದನ್ನೇ ಹಿಂಬಾಲಿಸಿ. ಶುರುವಿನಲ್ಲಿ ಕಳೆದುಹೋಗುತ್ತದೆ. ಸಿಕ್ಕ ಮೇಲೆ ಅದಿಲ್ಲದೆ ಆ ಹಾಡನ್ನು ಕೇಳಲು ಆಗುವುದಿಲ್ಲ. ಬೂನ್ 2019ರಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ದಿನ ತಾವು ಮನೆಗೆ ಹೋಗಿ ಎಲ್ಲಕ್ಕಿಂತ ಮೊದಲು ಈ ರೆಕಾರ್ಡ್ ಹಾಕಿದ್ದಾಗಿ ಪೋರ್ಟರ್ ಹೇಳಿದರು.

ಈ ಎಲ್ಲ ವಾದ್ಯ ಇಷ್ಟು ಬಿಡಿಬಿಡಿಯಾಗಿ ಕೇಳುವುದಕ್ಕೆ ನಿರ್ಮಾಪಕ ಮೈಕ್ ವರ್ನನ್‌ಗೂ ಶ್ರೇಯ ಕೊಡಬೇಕು. ಬ್ಲೂಸ್ ಕೇಳುವವರಿಗೆ ಈ ಹೆಸರು ಗೊತ್ತಿರುತ್ತದೆ. ಎರಿಕ್ ಕ್ಲಾಪ್ಟನ್ ನುಡಿಸಿದ 1966ರ ಜಾನ್ ಮೇಯಲ್ ಆಲ್ಬಮ್, ಪೀಟರ್ ಗ್ರೀನ್ ಕಾಲದ ಫ್ಲೀಟ್‌ವುಡ್ ಮ್ಯಾಕ್, ಎಲ್ಲ ಅವರ ಕೆಲಸ. 70ರ ದಶಕದಲ್ಲಿ ಒಲಿಂಪಿಕ್ ರನ್ನರ್ಸ್ ಅನ್ನುವ ಫಂಕ್ ಬ್ಯಾಂಡನ್ನೂ ಕಟ್ಟಿದ್ದರು. ವಾದಕರನ್ನು ಅವರ ಪಾಡಿಗೆ ನುಡಿಸಲು ಬಿಡುವ ಮನುಷ್ಯ ಅಂತ ಈ ರೆಕಾರ್ಡೇ ಹೇಳುತ್ತದೆ.

ಇಷ್ಟು ಒಳ್ಳೆಯ ಆಲ್ಬಮ್ ಯಾಕೆ ಹಿಂದೆ ಉಳಿಯಿತು ಅಂತ ಕೇಳಿದರೆ, ಬ್ಯಾಂಡಿನ ಮುಂದಿನ ಯಶಸ್ಸೇ ಇದನ್ನು ಮುಚ್ಚಿತು ಅನ್ನುತ್ತೇನೆ. ಇದು ಬ್ರಿಟನ್ನಿನಲ್ಲಿ 20ನೇ ಸ್ಥಾನ ತಲುಪಿತ್ತು, ಕಡಿಮೆಯೇನಲ್ಲ. ಆದರೆ 1986ರಲ್ಲಿ 'ಲೆಸನ್ಸ್ ಇನ್ ಲವ್' 3ನೇ ಸ್ಥಾನಕ್ಕೆ ಹೋಯಿತು. ಲೆವೆಲ್ 42 ಅಂದರೆ ಪಾಪ್ ಬ್ಯಾಂಡ್ ಅನ್ನುವ ಚಿತ್ರ ಜನರ ತಲೆಯಲ್ಲಿ ಕೂತುಬಿಟ್ಟಿತು. ಆ ಹಾಡುಗಳ ದಾರಿಯಲ್ಲಿ ಹಿಂದಕ್ಕೆ ಬಂದವರು ಇಲ್ಲಿ ಹಾಡು ಹುಡುಕುತ್ತಾರೆ, ನಾನೂ ಹುಡುಕಿದ ಹಾಗೆ. ನೀವು ಇದನ್ನು ಇದರ ಕಾಲದ ಜೊತೆಗಾರರ ನಡುವೆ ಇಟ್ಟು ಕೇಳಿ. ಅದೇ 1981ರಲ್ಲಿ ಫ್ರೀಝ್ ಬ್ಯಾಂಡಿನ 'ಸದರ್ನ್ ಫ್ರೀಝ್' ಬಂತು, ಇನ್‌ಕಾಗ್ನಿಟೋದ 'ಜಾಝ್ ಫಂಕ್' ಬಂತು. ಹಿಂದಿನ ವರ್ಷ ಲೈಟ್ ಆಫ್ ದಿ ವರ್ಲ್ಡ್‌ನ 'ರೌಂಡ್ ಟ್ರಿಪ್' ಬಂದಿತ್ತು. ಲಂಡನ್‌ನ ಹುಡುಗರು ಅಮೆರಿಕದ ಫಂಕ್ ಕೇಳಿ ಬೆಳೆದು ತಮ್ಮದೇ ದನಿ ಕಂಡುಕೊಂಡ ಕಾಲ ಅದು. ವಾರಕ್ಕೊಂದರಂತೆ ಕೇಳಿದರೆ ತಿಂಗಳಲ್ಲಿ ಆ ಲೋಕ ಮನಸ್ಸಿಗೆ ಬರುತ್ತದೆ. ಇಷ್ಟವಾದರೆ ಆಮೇಲೆ 'ದಿ ಅರ್ಲಿ ಟೇಪ್ಸ್' ಹುಡುಕಿ. 1980ರಲ್ಲಿ ಎಲೀಟ್ ಅನ್ನುವ ಪುಟ್ಟ ಕಂಪನಿಗೆ ಅವರು ಮಾಡಿದ ರೆಕಾರ್ಡಿಂಗ್‌ಗಳು, 1982ರಲ್ಲಿ ಹೊರಬಂದವು. ಅದರಲ್ಲಿ ಹೊಳಪು ಕಮ್ಮಿ, ಹಸಿವು ಜಾಸ್ತಿ.

'ಡ್ಯೂನ್ ಟ್ಯೂನ್' ಬಗ್ಗೆ ಒಂದು ಮಾತು. ಇದೂ ವಾದ್ಯದ್ದೇ, ನಾಲ್ಕು ನಿಮಿಷದ ಒಳಗಿನದು, ಮೆತ್ತಗಿನದು. ಇದನ್ನು ಬಿಡಿಸಿ ನೋಡಲು ಹೋಗಬೇಡಿ. ಸಾಧ್ಯವಾದರೆ ನೀರಿನ ಹತ್ತಿರ ಕೇಳಿ. ಸೌತಾಂಪ್ಟನ್‌ನಿಂದ ಈಸ್ಟ್ ಕೌಸ್‌ಗೆ ಹೋಗುವ ಫೆರಿಗೆ ಒಂದು ಗಂಟೆ ಹಿಡಿಯುತ್ತದೆ. ಕಳೆದ ಅಕ್ಟೋಬರಿನಲ್ಲಿ ಮೇಲಿನ ಡೆಕ್ಕಿನಲ್ಲಿ, ಟೋಪಿ ಕಿವಿಯವರೆಗೆ ಎಳೆದು, ಒಳಗೆ ಇಯರ್‌ಫೋನ್ ಸಿಕ್ಕಿಸಿ ಕೂತಿದ್ದೆ. ದ್ವೀಪಕ್ಕೂ ದಡಕ್ಕೂ ನಡುವಿನ ಸೋಲೆಂಟ್ ಜಲಸಂಧಿಯ ನೀರು ಬೂದಿ ಬಣ್ಣಕ್ಕಿತ್ತು. ದೂರದಲ್ಲಿ ಕೌಸ್‌ನ ಮನೆಗಳು ಒಂದೊಂದಾಗಿ ಕಾಣತೊಡಗಿದವು. ಡ್ರಮ್ಸ್ ಬಿಟ್ಟು ಬೇಸ್ ಹಿಡಿದ ಆ ಹುಡುಗ ಹುಟ್ಟಿದ ಊರು. ಟ್ಯೂನ್ ಮುಗಿಯಿತು, ನಾನು ಮತ್ತೆ ಹಾಕಿದೆ.

ನಿಮಗೆ ಹಿಡಿಸಿದ ಮೇಲೆ ಇನ್ನೊಬ್ಬರಿಗೂ ಕೇಳಿಸಬೇಕು ಅನ್ನಿಸುತ್ತದೆ. ಆಗ ಆಲ್ಬಮ್ ಪೂರ್ತಿ ಹಾಕಬೇಡಿ, ಚರಿತ್ರೆ ಹೇಳಬೇಡಿ. ಪಕ್ಕದಲ್ಲಿ ಕೂರಿಸಿ, ಕಾಲಿನಲ್ಲಿ ತಾಳ ಹಾಕಿಸಿ, ತಕದಿಮಿ ಹೇಳಿಕೊಡಿ. 'ಲವ್ ಗೇಮ್ಸ್' ಎರಡು ಸಲ, ಆಮೇಲೆ 'ಸ್ಟಾರ್‌ಚೈಲ್ಡ್' ಒಂದು ಸಲ. ಅದು ಆಲ್ಬಮ್ಮಿನ ಕೊನೆಯ ಹಾಡು, ಹೆಬ್ಬೆರಳೂ ಮೈಕ್‌ರ ದನಿಯೂ ವಾಲಿಯ ಸಿಂಥೂ ಒಟ್ಟಿಗೆ ಸಿಗುತ್ತವೆ. ನಡುವೆ ಮಾತಾಡಬೇಡಿ. ಅವರ ಹೆಬ್ಬೆರಳು ತಾನಾಗೇ ತೊಡೆಯ ಮೇಲೆ ಬಡಿಯಲು ಶುರುಮಾಡಿತಾ ಅಂತ ನೋಡಿ. ಮಾಡಿದ್ದರೆ ಮುಳ್ಳು ಎತ್ತಿ, ರೆಕಾರ್ಡ್ ತಿರುಗಿಸಿ, ಮೊದಲ ಬದಿ ಹಾಕಿ.