ಹಳಗನ್ನಡ ಪತ್ರಿಕೆಯನ್ನು ಎರಡನೆಯ ಸಲ ಬರೆದದ್ದು

ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ರೈಲಿನಲ್ಲಿ ಹೋಗಿ ಬರುವ ನೌಕರಿಯ ನಡುವೆ, ಅರ್ಧಕ್ಕೆ ಬಿಟ್ಟಿದ್ದ ಬಿ.ಎ. ಪದವಿಯನ್ನು ದೂರಶಿಕ್ಷಣದ ಮೂಲಕ ಮುಗಿಸಲು ಹೊರಟಾಗ ಉಳಿದ ಪತ್ರಿಕೆಗಳೆಲ್ಲ ಹೇಗೋ ದಾಟಿದವು. ಹಳಗನ್ನಡ ಕಾವ್ಯದ ನಾಲ್ಕು ಕ್ರೆಡಿಟ್‌ಗಳ ಪತ್ರಿಕೆ ಮಾತ್ರ ಮೊದಲ ಸಲ ಕೈಕೊಟ್ಟಿತು. ಗೈಡೊಂದನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಪಠ್ಯವಾಗಿದ್ದ ಗದಾಯುದ್ಧ ಕಾವ್ಯದ ಕವಿ ರನ್ನನ ಊರು, ಆಶ್ರಯದಾತರು, ಬಿರುದುಗಳೆಂದು ಮೂರು ಪುಟ ತುಂಬಿಸಿದ್ದೆ. ಸಂದರ್ಭ ಸ್ವಾರಸ್ಯದ ಪ್ರಶ್ನೆಗೆ ಬಂದಾಗ ಕೊಟ್ಟ ಸಾಲು ಯಾರ ಮಾತೆಂಬುದೇ ತಿಳಿಯದೆ ಕುಳಿತಿದ್ದೆ.

ಎರಡನೆಯ ಸಲ ಗೈಡನ್ನು ಬದಿಗಿಟ್ಟು, ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ.ಶ್ರೀ. ಅವರು ಸಂಪಾದಿಸಿದ ಗದಾಯುದ್ಧ ಸಂಗ್ರಹದ ಹಳೆಯ ಪ್ರತಿಯೊಂದನ್ನು ಹಿಡಿದೆ. ದಿನಕ್ಕೆ ಎರಡೇ ಪದ್ಯ. ಬೆಳಿಗ್ಗೆ ಕ್ಯಾತ್ಸಂದ್ರ ದಾಟಿದ ಮೇಲೆ ಸಂಧಿ ಬಿಡಿಸಿ ಪದಚ್ಛೇದ ಮಾಡುವುದು, ಸಂಜೆ ಹಿಂದಿರುಗುವಾಗ ಅನ್ವಯ ಕೂಡಿಸಿ, ಅಂದರೆ ಪದಗಳನ್ನು ಗದ್ಯದ ಕ್ರಮಕ್ಕೆ ತಂದು, ನನ್ನದೇ ಮಾತಿನಲ್ಲಿ ಅರ್ಥ ಬರೆಯುವುದು. ಪದದ ಮೊದಲಿನ ಪಕಾರವನ್ನು ಹಕಾರ ಮಾಡಿ ನೋಡಿದರೆ, ಅಂದರೆ ಪಾಲನ್ನು ಹಾಲೆಂದೂ ಪೊಗುವುದನ್ನು ಹೊಗುವುದೆಂದೂ ಓದಿಕೊಂಡರೆ, ನಿಘಂಟಿನ ಕೆಲಸ ಎಷ್ಟೋ ಕಡಿಮೆಯಾಗುತ್ತದೆ ಎಂಬುದು ಮೊದಲ ವಾರದಲ್ಲೇ ತಿಳಿಯಿತು.

ಈ ಓದು ಫಲ ಕೊಟ್ಟದ್ದು ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿರುವಾಗ ಭೀಮನ ಗರ್ಜನೆಯನ್ನು ಕೇಳಿ ನೀರೊಳಗಿದ್ದರೂ ಬೆವರಿದನೆಂಬ ಪ್ರಸಿದ್ಧ ಪದ್ಯದಲ್ಲಿ. ಅವನು ಹೆದರಿ ಬೆವರಿದನೆಂದು ಗೈಡಿನಲ್ಲಿತ್ತು, ನಾನೂ ಹಾಗೆಯೇ ಬರೆದಿದ್ದೆ. ಪದ್ಯವನ್ನು ಬಿಡಿಸಿದಾಗ, ಅದೇ ವಾಕ್ಯದಲ್ಲಿ ಅವನನ್ನು ಕೋಪದಿಂದ ಕಣ್ಣು ಕೆಂಪಾದವನೆಂದು ಕವಿ ಕರೆದಿರುವುದು ಕಣ್ಣಿಗೆ ಬಿತ್ತು. ಅಂದಮೇಲೆ ಆ ಬೆವರು ಹೊರಗೆ ಬರಲಾರದ ಸಿಟ್ಟಿನದು. ಕೊನೆಯಲ್ಲಿ ಅವನ ಹೆಸರನ್ನು ಹೇಳದೆ ಹಾವಿನ ಬಾವುಟದವನೆಂಬ ಅರ್ಥದ 'ಉರಗಪತಾಕ' ಎಂಬ ಪದವನ್ನಿಟ್ಟಿರುವುದೂ ಕೆಣಕಿದ ಹಾವನ್ನೇ ನೆನಪಿಸುತ್ತದೆ ಎಂದು ನನಗೆ ತೋರುತ್ತದೆ. ಇದನ್ನು ಒಪ್ಪದವರೂ ಇರಬಹುದು, ಆದರೆ ಪದ್ಯದ ಪದವನ್ನೇ ಆಧಾರವಾಗಿ ತೋರಿಸಿ ಬರೆದ ಉತ್ತರಕ್ಕೆ ಅಂಕ ಕಡಿಮೆ ಮಾಡುವುದು ಕಷ್ಟ.

ಛಂದಸ್ಸಿಗೆ ನಾನು ಹೆದರಿದಷ್ಟು ಹೆದರಬೇಕಾಗಿರಲಿಲ್ಲ. ಒಂದು ಮಾತ್ರೆಯ, ಅಂದರೆ ಒಂದು ಅಳತೆಯ ಕಾಲದಲ್ಲಿ ಉಚ್ಚರಿಸುವ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಖ್ಯಾತ ಕರ್ಣಾಟಕ ವೃತ್ತಗಳೆಂಬ ಆರು ಪದ್ಯಜಾತಿಗಳನ್ನೂ ಸಾಲಿನ ಆರಂಭದಿಂದಲೇ ಗುರುತಿಸಬಹುದು: ಒಂದು ಗುರುವಿದ್ದರೆ ಉತ್ಪಲಮಾಲೆ, ಮೂರಿದ್ದರೆ ಶಾರ್ದೂಲವಿಕ್ರೀಡಿತ, ನಾಲ್ಕಿದ್ದರೆ ಸ್ರಗ್ಧರೆ, ಎರಡು ಲಘುವಿನ ಮೇಲೆ ಎರಡು ಗುರು ಬಂದರೆ ಮತ್ತೇಭವಿಕ್ರೀಡಿತ, ಮೂರು ಬಂದರೆ ಮಹಾಸ್ರಗ್ಧರೆ, ನಾಲ್ಕು ಲಘುವಿದ್ದರೆ ಚಂಪಕಮಾಲೆ. ಕಂದಪದ್ಯದ ಸಾಲುಗಳಲ್ಲಿ 12, 20, 12, 20 ಮಾತ್ರೆಗಳು. ತೊಡೆಯ ಮೇಲೆ ಬೆರಳಿನಿಂದ ಮಾತ್ರೆ ಎಣಿಸುತ್ತಿದ್ದ ನನ್ನನ್ನು ಕಂಡು, ಸಂಗೀತ ಕಲಿಯುತ್ತಿದ್ದೀರಾ ಎಂದು ಸಹಪ್ರಯಾಣಿಕರೊಬ್ಬರು ಕೇಳಿದ್ದೂ ಉಂಟು.

ಸಾಹಿತ್ಯ ಚರಿತ್ರೆಯ ಭಾಗವನ್ನು ಕೊನೆಯ ಹತ್ತು ದಿನಗಳಿಗೆ ಬಿಟ್ಟೆ, ಅಷ್ಟು ಸಾಕಾಯಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಗಡಿಯಾರ ಇಟ್ಟುಕೊಂಡು ಮೂರು ಭಾನುವಾರ ಪೂರ್ತಿಯಾಗಿ ಬರೆದೆ. ದೀರ್ಘ ಉತ್ತರಗಳಿಗೇ ಸಮಯ ಸುರಿದು ಕೊನೆಗೆ ಸಂದರ್ಭಗಳನ್ನು ಅವಸರದಲ್ಲಿ ಗೀಚುವ ನನ್ನ ಚಾಳಿ ಅಲ್ಲಿ ಸಿಕ್ಕಿಬಿದ್ದದ್ದರಿಂದ, ಪರೀಕ್ಷೆಯಲ್ಲಿ ಮೊದಲು ಸಂದರ್ಭಗಳನ್ನೇ ಎತ್ತಿಕೊಂಡೆ.

ಆ ದಿನ ಬಂದ ಸಂದರ್ಭಗಳಲ್ಲಿ ಒಂದು ನಾನು ಓದದೆ ಬಿಟ್ಟ ಭಾಗದ್ದಾಗಿತ್ತು. ಸಾಲಿನಲ್ಲಿ ಫಣಿಕೇತನನೆಂಬ ಪದವಿತ್ತು. ಹಾವಿನ ಬಾವುಟ ಯಾರದೆಂದು ಗೊತ್ತಿದ್ದುದರಿಂದ ಮಾತು ಯಾರನ್ನು ಕುರಿತದ್ದೆಂದು ಹಿಡಿದೆ, ಸಂಧಿ ಬಿಡಿಸಿ ಉಳಿದ ಅರ್ಥವನ್ನು ಕೂಡಿಸಿ ಅರ್ಧ ಪುಟ ಬರೆದೆ.