ಮ್ಟ್ವಾರಾದಲ್ಲಿ ಮಲೇರಿಯಾ: ಜ್ವರಕ್ಕೆ ಮೊದಲೇ ಬರೆದಿಟ್ಟ ಒಂದು ಹಾಳೆ

ತಾಂಜಾನಿಯಾದ ದಕ್ಷಿಣ ತುದಿಯಲ್ಲಿ, ಮೊಜಾಂಬಿಕ್ ಗಡಿಗೆ ಹತ್ತಿರ, ಮ್ಟ್ವಾರಾ ಎಂಬ ಬಂದರು ಪಟ್ಟಣವಿದೆ. ಆ ದೇಶದ ಗೇರುಬೀಜದ ಬಹುಪಾಲು ಬೆಳೆಯುವುದು ಇದರ ಸುತ್ತಮುತ್ತ. ಅಕ್ಟೋಬರ್ ಹೊತ್ತಿಗೆ ಸಹಕಾರ ಸಂಘಗಳ ಹರಾಜು ಶುರುವಾಗುತ್ತದೆ. ನನ್ನ ಕೆಲಸ ಖರೀದಿಗೆ ಮೊದಲು ಬೀಜದ ಗುಣಮಟ್ಟ ನೋಡುವುದು. ಚೀಲಗಳಿಂದ ಮಾದರಿ ತೆಗೆದು, ಬೀಜ ಕತ್ತರಿಸಿ, ಒಳ್ಳೆಯ ತಿರುಳನ್ನು ಬೇರ್ಪಡಿಸಿ ತೂಗಿ, 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬೀಳುತ್ತದೆ ಎಂದು ಲೆಕ್ಕ ಹಾಕಿ ಹೇಳಬೇಕು. ಸುಗ್ಗಿ ಜೋರಾಗಿರುವಾಗಲೇ ಮಳೆ ಹಿಡಿಯುತ್ತದೆ, ಮಳೆಯ ಬೆನ್ನಿಗೆ ಸೊಳ್ಳೆ ಬರುತ್ತದೆ. ಅಂಥ ಒಂದು ಮಳೆಗಾಲದಲ್ಲಿ ಫಾಲ್ಸಿಪಾರಮ್ ಎಂಬ, ಮಲೇರಿಯಾಗಳಲ್ಲೇ ಅತಿ ಅಪಾಯದ ಬಗೆ ನನ್ನ ಮೆದುಳಿನವರೆಗೂ ಹೋಯಿತು. ನಾನು ಉಳಿದುಕೊಂಡದ್ದಕ್ಕೆ ಔಷಧ ಎಷ್ಟು ಕಾರಣವೋ, ಜ್ವರಕ್ಕೆ ತಿಂಗಳುಗಳ ಮೊದಲೇ ಬರೆದಿಟ್ಟ ಒಂದು ಹಾಳೆಯೂ ಅಷ್ಟೇ ಕಾರಣ. ಹೊರದೇಶದಲ್ಲಿ ಒಬ್ಬರೇ ಇರುವ ಯಾರಿಗಾದರೂ ನಾನು ಮೊದಲು ಹೇಳುವುದು ಆ ಹಾಳೆಯ ವಿಷಯವನ್ನೇ.

ಅಲ್ಲಿ ಹುಟ್ಟಿ ಬೆಳೆದವರಿಗೆ ಚಿಕ್ಕಂದಿನಿಂದ ಮತ್ತೆ ಮತ್ತೆ ಮಲೇರಿಯಾ ತಗುಲಿ ಒಂದು ಮಟ್ಟದ ರೋಗನಿರೋಧಕ ಶಕ್ತಿ ಬಂದಿರುತ್ತದೆ. ದೊಡ್ಡವರಾದ ಮೇಲೆ ಅವರಿಗೆ ಬರುವ ಮಲೇರಿಯಾ ಅನೇಕ ಸಲ ಎರಡು ದಿನದ ಮೈಕೈ ನೋವಿನಲ್ಲಿ ಮುಗಿಯುತ್ತದೆ. ಹೊರಗಿನಿಂದ ಬಂದ ನಮಗೆ ಆ ಶಕ್ತಿ ಇಲ್ಲ. ಜ್ವರ ಶುರುವಾದ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಬರಬಹುದು. ಈ ವ್ಯತ್ಯಾಸ ಅಲ್ಲಿನ ಸಹೋದ್ಯೋಗಿಗಳಿಗೆ ತಿಳಿದಿರಲೇಬೇಕೆಂದಿಲ್ಲ. 'ನನಗೂ ಹೋದ ತಿಂಗಳು ಬಂದಿತ್ತು, ಮಾತ್ರೆ ತಗೊಂಡು ಮಲಗಿದೆ' ಎಂದು ಅವರು ಧೈರ್ಯ ಹೇಳುವುದು ಪ್ರೀತಿಯಿಂದಲೇ. ಅದಕ್ಕೇ ಆರೋಗ್ಯವಾಗಿದ್ದಾಗಲೇ ಕೂತು ಮಾತಾಡಬೇಕು.

ನಾನು ಹಾಗೆ ಕೂತದ್ದು ಗೋದಾಮಿನ ಮೇಲ್ವಿಚಾರಕರ ಜೊತೆ. ನನಗಿಂತ ಹಿರಿಯರು, ಮಿತಭಾಷಿ. ಹಾಳೆಯ ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಸ್ವಾಹಿಲಿ. ಸ್ವಾಹಿಲಿಯ ಬದಿಯನ್ನು ಅವರೇ ತಿದ್ದಿಕೊಟ್ಟರು. ಹೆಸರು, ರಕ್ತದ ಗುಂಪು, ಅಲರ್ಜಿ, ವಿಮೆಯ ಪಾಲಿಸಿ ಸಂಖ್ಯೆ, ವಿಮಾ ಕಂಪನಿಯ 24 ಗಂಟೆಯ ದೂರವಾಣಿ, ಪಾಸ್‌ಪೋರ್ಟ್ ಯಾವ ಪೆಟ್ಟಿಗೆಯಲ್ಲಿದೆ, ಮನೆಯಲ್ಲಿ ಮೊದಲು ಯಾರಿಗೆ ಫೋನ್ ಮಾಡಬೇಕು. ದೇಹದ ತೂಕವನ್ನು ದೊಡ್ಡ ಅಂಕಿಯಲ್ಲಿ ಬರೆದೆ, ಏಕೆಂದರೆ ಮಲೇರಿಯಾ ಚುಚ್ಚುಮದ್ದಿನ ಪ್ರಮಾಣ ನಿಂತಿರುವುದು ತೂಕದ ಮೇಲೆ. ನಿಲ್ಲಲಾಗದ ರೋಗಿಯನ್ನು ತಕ್ಕಡಿ ಹತ್ತಿಸುವುದಾದರೂ ಹೇಗೆ? ಕೆಳಗಡೆ ನಿಯಮಗಳು. ಜ್ವರ ಬಂದ ದಿನವೇ ಪರೀಕ್ಷೆ. ಮಲೇರಿಯಾ ಇಲ್ಲ ಎಂದು ಬಂದರೆ ಮರುದಿನ ಮತ್ತೆ ಪರೀಕ್ಷೆ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎದ್ದು ನಡೆಯಲಾಗದಿದ್ದರೆ, ಮಾತು ತೊದಲಿದರೆ ಅಥವಾ ಅಡ್ಡಾದಿಡ್ಡಿಯಾದರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ತಕ್ಷಣ ಆಸ್ಪತ್ರೆ. ಕೊನೆಯ ಸಾಲನ್ನು ಅಡಿಗೆರೆ ಎಳೆದು ಬರೆದೆ: ಆಗ ನಾನು ಬೇಡ ಎಂದರೂ ಕೇಳಬೇಡಿ. ಕೆಳಗೆ ಸಹಿ ಹಾಕಿದೆ. ಹಾಳೆಯ ಫೋಟೋ ಅವರ ಮೊಬೈಲಿನಲ್ಲಿ, ಮೂಲ ಪ್ರತಿ ನನ್ನ ಮನೆಯ ಬಾಗಿಲ ಹಿಂದೆ.

ಜ್ವರ ಬಂದದ್ದು ಮಧ್ಯಾಹ್ನ, ಗೋದಾಮಿನಲ್ಲಿ. ತಗಡಿನ ಚಾವಣಿಯ ಕೆಳಗೆ ಎಲ್ಲರೂ ಬೆವರುತ್ತಿರುವಾಗ ನನಗೆ ಹಲ್ಲು ಕಟಕಟಿಸುವ ಚಳಿ. ಹತ್ತಿರದ ಚಿಕಿತ್ಸಾಲಯದಲ್ಲಿ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ರ‍್ಯಾಪಿಡ್ ಪರೀಕ್ಷೆಯ ಪಟ್ಟಿಗೆ ಹಾಕಿದರು. ಕಾಲು ಗಂಟೆಯ ನಂತರವೂ ಒಂದೇ ಗೆರೆ; ಮಲೇರಿಯಾ ಇಲ್ಲ. ಅದರ ಬದಲು ವಿಡಾಲ್ ಪರೀಕ್ಷೆ ಮಾಡಿ ಟೈಫಾಯ್ಡ್ ಎಂದರು, ಆಂಟಿಬಯಾಟಿಕ್ ಕೊಟ್ಟರು. ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಒಂದೇ ಸಲದ ವಿಡಾಲ್ ಫಲಿತಾಂಶ ನೋಡಿ ಟೈಫಾಯ್ಡ್ ಎಂದು ತೀರ್ಮಾನಿಸುವಂತಿಲ್ಲ. ಹಳೆಯ ಸೋಂಕು, ಹಿಂದೆ ತೆಗೆದುಕೊಂಡ ಲಸಿಕೆ, ಇನ್ನೊಂದು ಜ್ವರ, ಏನಿದ್ದರೂ ಅದು ಪಾಸಿಟಿವ್ ತೋರಿಸಬಹುದು. ಅತ್ತ ಮಲೇರಿಯಾದ ಆರಂಭದಲ್ಲಿ ರಕ್ತದಲ್ಲಿ ಪರಾವಲಂಬಿಗಳು ಕಡಿಮೆ ಇದ್ದರೆ ರ‍್ಯಾಪಿಡ್ ಪಟ್ಟಿಗೆ ಸಿಗದೇ ಹೋಗಬಹುದು. ಅದಕ್ಕೇ ಮತ್ತೆ ಪರೀಕ್ಷೆ ಎಂಬ ನಿಯಮ. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಲಿಲ್ಲ. ದೇಶದ ಅತಿ ದೊಡ್ಡ ನಗರ ದಾರ್ ಎಸ್ ಸಲಾಮಿನಲ್ಲಿ 2014ರಲ್ಲೂ 2019ರಲ್ಲೂ ಡೆಂಗಿ ಹಬ್ಬಿತ್ತು. ಡೆಂಗಿಯ ಅನುಮಾನ ಇರುವಷ್ಟು ದಿನ ಐಬುಪ್ರೊಫೆನ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಅಪಾಯ.

ಮರುದಿನ ಪಟ್ಟಿಯಲ್ಲಿ ಎರಡನೆಯ ಗೆರೆ ದಟ್ಟವಾಗಿ ಮೂಡಿತು. ಅಲ್ಲಿ ಜನ ಮ್ಸೆಟೊ ಎಂದು ಕರೆಯುವ ಆರ್ಟೆಮೆಥರ್ ಮತ್ತು ಲ್ಯೂಮೆಫ್ಯಾಂಟ್ರಿನ್ ಮಿಶ್ರಣದ ಮಾತ್ರೆ ಕೊಟ್ಟರು. ವಯಸ್ಕರಿಗೆ ಒಂದು ಸಲಕ್ಕೆ ನಾಲ್ಕು ಮಾತ್ರೆ, ಮೂರು ದಿನಗಳಲ್ಲಿ ಆರು ಸಲ; ಎರಡನೆಯದು ಮೊದಲಿನದಾದ ಎಂಟು ಗಂಟೆಗೆ. ಕೊಬ್ಬಿನಂಶ ಇರುವ ಆಹಾರದ ಜೊತೆ ತೆಗೆದುಕೊಂಡರೆ ಮಾತ್ರ ಲ್ಯೂಮೆಫ್ಯಾಂಟ್ರಿನ್ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ, ಆದ್ದರಿಂದ ಹಾಲು ಕುಡಿದು ನುಂಗಿದೆ. ಸ್ವಲ್ಪ ಹೊತ್ತಿಗೇ ಎಲ್ಲವೂ ಹೊರಗೆ ಬಂತು. ಮತ್ತೆ ಕೊಟ್ಟರು, ಅದೂ ನಿಲ್ಲಲಿಲ್ಲ.

ಆ ಸಂಜೆ ಮೇಲ್ವಿಚಾರಕರು ದಿನದ ಮಾದರಿಯ ತೂಕಗಳನ್ನು ಬರೆದುಕೊಂಡು ಮನೆಗೆ ಬಂದರು. ಅವರಿಗೆ ಬೇಕಾಗಿದ್ದುದು ಲೆಕ್ಕವಲ್ಲ, ನನ್ನನ್ನು ನೋಡಬೇಕಾಗಿತ್ತು ಎಂದು ಆಮೇಲೆ ಹೇಳಿದರು. ಚೀಟಿಯನ್ನು ಕೈಗೆ ತೆಗೆದುಕೊಂಡೆ. ಗ್ರಾಂನಿಂದ ಪೌಂಡಿಗೆ, ಪೌಂಡಿನಿಂದ 80 ಕಿಲೋ ಚೀಲಕ್ಕೆ. ದಿನಕ್ಕೆ ಹತ್ತಾರು ಸಲ ಬಾಯಲ್ಲೇ ಮಾಡುವ ಲೆಕ್ಕ. ಅಂಕಿಗಳು ಕಾಣುತ್ತಿದ್ದವು, ಅವನ್ನು ಏನು ಮಾಡಬೇಕೆಂಬುದು ಹೊಳೆಯಲಿಲ್ಲ. ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಓದುತ್ತಿದ್ದೆನಂತೆ. 'ಬೋಸಿ (ಬಾಸ್), ಆಸ್ಪತ್ರೆಗೆ ಹೋಗೋಣ' ಎಂದರು. ಏನೂ ಆಗಿಲ್ಲ, ಒಂದು ನಿದ್ದೆ ಮಾಡಿದರೆ ಸರಿಹೋಗುತ್ತದೆ, ನಾಳೆ ಲಾರಿ ಬರುತ್ತದೆ ಎಂದು ನಾನು ಗಟ್ಟಿಯಾಗಿ ವಾದಿಸಿದೆ. ಅವರು ವಾದಿಸಲಿಲ್ಲ. ಬಾಗಿಲ ಹಿಂದಿನ ಹಾಳೆಯನ್ನು ಕಿತ್ತು ತಂದು ಕೊನೆಯ ಸಾಲನ್ನು ಸ್ವಾಹಿಲಿಯಲ್ಲಿ ಓದಿ ನನ್ನ ಸಹಿಯನ್ನು ತೋರಿಸಿದರು. ಅಧಿಕಾರದಲ್ಲಿ ತಮಗಿಂತ ಮೇಲಿರುವ ವಿದೇಶಿಯೊಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಎತ್ತಿ ಗಾಡಿಯಲ್ಲಿ ಕೂರಿಸುವುದು ಸುಲಭದ ಮಾತಲ್ಲ. ಆ ಧೈರ್ಯಕ್ಕೆ ಒಂದು ಆಧಾರ ಬೇಕು; ಸಹಿ ಮಾಡಿದ ಕಾಗದ ಅವರಿಗೆ ಅದನ್ನು ಕೊಟ್ಟಿತು.

ಆಸ್ಪತ್ರೆಯ ಮೊದಲ ಗಂಟೆ ನನಗೆ ತುಂಡು ತುಂಡಾಗಿ ನೆನಪಿದೆ. ನರ್ಸ್ ಮೊದಲು ಸಕ್ಕರೆ ನೋಡಿದರು, ಅದು ಕುಸಿದಿತ್ತು, ಗ್ಲೂಕೋಸ್ ಹಾಕಿದರು. ತೀವ್ರ ಮಲೇರಿಯಾದಲ್ಲಿ ರಕ್ತದ ಸಕ್ಕರೆ ಇಳಿಯುವುದು ಸಾಮಾನ್ಯ. ಪ್ರಜ್ಞೆ ತಪ್ಪಿದ ರೋಗಿಯಲ್ಲಿ ಅದು ಗಮನಕ್ಕೆ ಬಾರದೆ ಹೋದರೆ ಅದೊಂದೇ ಸಾಕು ಕೊಲ್ಲಲು. ಆಮೇಲೆ ಆರ್ಟೆಸುನೇಟ್ ಚುಚ್ಚುಮದ್ದು. 60 ಮಿಲಿಗ್ರಾಂನ ಪುಟ್ಟ ಸೀಸೆಗಳಲ್ಲಿ ಬಿಳಿ ಪುಡಿ; ಅದಕ್ಕೆ ಬೈಕಾರ್ಬೊನೇಟ್ ದ್ರವ ಹಾಕಿ ತಿಳಿಯಾಗುವವರೆಗೆ ಅಲುಗಾಡಿಸಿ, ಸಲೈನ್ ಬೆರೆಸಿ, ಆಗಿಂದಾಗಲೇ ರಕ್ತನಾಳಕ್ಕೆ ಕೊಡುತ್ತಾರೆ. ಕಿಲೋ ತೂಕಕ್ಕೆ 2.4 ಮಿಲಿಗ್ರಾಂ, ಮೊದಲನೆಯದರ ನಂತರ 12ನೆಯ ಗಂಟೆಗೆ, 24ನೆಯ ಗಂಟೆಗೆ, ಆಮೇಲೆ ದಿನಕ್ಕೊಂದು. ನನ್ನ ತೂಕವನ್ನು ಅವರು ಹಾಳೆಯಿಂದಲೇ ಓದಿಕೊಂಡರು.

ಈ ಔಷಧದ ಹಿಂದಿನ ಕಥೆ ಗೊತ್ತಿದ್ದರಿಂದ ನಾನು ಅದರ ಹೆಸರನ್ನೂ ಹಾಳೆಯಲ್ಲಿ ಬರೆದಿದ್ದೆ. ಮೊದಲೆಲ್ಲ ತೀವ್ರ ಮಲೇರಿಯಾಕ್ಕೆ ಕ್ವಿನೈನೇ ಗತಿ. 2005ರಲ್ಲಿ ಪ್ರಕಟವಾದ ಏಷ್ಯಾದ ದೊಡ್ಡ ಅಧ್ಯಯನವೊಂದರಲ್ಲಿ ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ಸತ್ತರೆ ಆರ್ಟೆಸುನೇಟ್ ಪಡೆದವರಲ್ಲಿ 15. 2010ರಲ್ಲಿ ಆಫ್ರಿಕಾದ ಮಕ್ಕಳ ಮೇಲಿನ ಅಧ್ಯಯನವೂ ಅದೇ ದಿಕ್ಕಿನ ಉತ್ತರ ಕೊಟ್ಟಿತು: 10.9ರಿಂದ 8.5ಕ್ಕೆ ಇಳಿಕೆ. ಇದರ ಮೂಲವಸ್ತು ಆರ್ಟೆಮಿಸಿನಿನ್ ಅನ್ನು ಗಿಡಮೂಲಿಕೆಯಿಂದ ಬೇರ್ಪಡಿಸಿದ ಚೀನಾದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆ ಹೆಂಗಸಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಪ್ರಜ್ಞೆ ತಿಳಿಯಾಗುವ ಹೊತ್ತಿಗೆ ನನ್ನ ಸುತ್ತ ಒಂದು ವ್ಯವಸ್ಥೆಯೇ ನಿಂತಿತ್ತು. ಅಲ್ಲಿನ ವಾರ್ಡುಗಳಲ್ಲಿ ರೋಗಿಯ ಊಟ, ಬಟ್ಟೆ, ಮೈ ಒರೆಸುವುದು, ಹೊರಗಿನ ಔಷಧದಂಗಡಿಗೆ ಓಡುವುದು ಬಹುಮಟ್ಟಿಗೆ ಮನೆಯವರ ಕೆಲಸ. ಮನೆಯವರಿಲ್ಲದ ನನಗೆ ಗೋದಾಮಿನವರು ಸರದಿ ಹಾಕಿಕೊಂಡಿದ್ದರು. ಮೇಲ್ವಿಚಾರಕರ ಮಡದಿ ಬೆಳಿಗ್ಗೆ ಊಜಿ ತರುತ್ತಿದ್ದರು. ಮೆಕ್ಕೆಜೋಳದ ಹಿಟ್ಟಿನ ತೆಳು ಗಂಜಿ, ಸ್ವಲ್ಪ ಸಕ್ಕರೆ. ಪಕ್ಕದ ಹಾಸಿಗೆಯ ಕಡೆಯವರು, ಗುರುತಿಲ್ಲದವರು, ಹಾದುಹೋಗುವಾಗ ನಿಂತು 'ಪೋಲೆ ಸಾನಾ' (ಅಯ್ಯೋ ಪಾಪ ಎನ್ನುವ ಸಾಂತ್ವನದ ಮಾತು) ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ಮುಂಗಡ ಹಣವನ್ನು ಕಚೇರಿಯವರು ಮೊಬೈಲಿನಿಂದ ಹಣ ಕಳಿಸುವ ಎಂ-ಪೆಸಾದಲ್ಲಿ ಕಟ್ಟಿದರು. ಅಂಥ ಹೊತ್ತಿಗೆಂದು ಒಂದಷ್ಟು ಶಿಲ್ಲಿಂಗ್ ಯಾವಾಗಲೂ ಫೋನಿನಲ್ಲಿರಬೇಕು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕಾಯಿತು. ಸ್ವಾಹಿಲಿಯಲ್ಲಿ ಹಗಲಿನ ಗಂಟೆಯನ್ನು ಸೂರ್ಯೋದಯದಿಂದ, ರಾತ್ರಿಯದನ್ನು ಸೂರ್ಯಾಸ್ತದಿಂದ ಎಣಿಸುತ್ತಾರೆ. ಬೆಳಿಗ್ಗೆ ಏಳು ಎಂದರೆ ಅವರ ಲೆಕ್ಕದಲ್ಲಿ ಒಂದು ಗಂಟೆ, ರಾತ್ರಿ ಎಂಟು ಎಂದರೆ ಎರಡು ಗಂಟೆ. ಮುಂದಿನ ಮಾತ್ರೆ ಎರಡು ಗಂಟೆಗೆ ಎಂದರೆ ಯಾವ ಎರಡು? ಚುಚ್ಚುಮದ್ದು ಮುಗಿದು ಮ್ಸೆಟೊದ ಪೂರ್ತಿ ಕೋರ್ಸ್ ಶುರುವಾದಾಗ (ಚುಚ್ಚುಮದ್ದಿನ ನಂತರವೂ ಆ ಮೂರು ದಿನದ ಮಾತ್ರೆ ಕಡ್ಡಾಯ) ಪ್ರತಿ ಹೊತ್ತನ್ನೂ 08:00, 16:00 ಎಂಬಂತೆ ಅಂಕಿಯಲ್ಲಿ ಬರೆಸಿ ಹಾಸಿಗೆಯ ತಲೆಯ ಬಳಿ ಅಂಟಿಸಿದೆವು.

ಮನೆಯವರ ಒತ್ತಾಯ ಒಂದೇ: ದಾರ್ ಎಸ್ ಸಲಾಮಿಗೆ ಸಾಗಿಸಿ, ಇಲ್ಲವೇ ನೇರ ಭಾರತಕ್ಕೆ. ದಾರ್ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ವೈದ್ಯರು ನೇರವಾಗಿ ಮಾತಾಡಿದರು. ಬೇಕಾದ ಔಷಧ ಇಲ್ಲೇ ಇದೆ; ಇಲ್ಲಿ ಇಲ್ಲದ್ದು ಏನಾದರೂ ಬೇಕಾದರೆ, ಅಂದರೆ ಡಯಾಲಿಸಿಸ್ ಅಥವಾ ಉಸಿರಾಟದ ಯಂತ್ರ ಬೇಕಾದರೆ ಆಗ ಹೋಗಬೇಕು. ಮೂತ್ರಪಿಂಡ ಸೋತಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು, ಆದರೆ ಮೂತ್ರ ಬರುತ್ತಿತ್ತು, ಅದನ್ನು ಅಳೆದು ಬರೆಯುತ್ತಿದ್ದರು. ಮರುದಿನದ ಕ್ರಿಯಾಟಿನಿನ್ ಮೇಲೆ ಹೋದರೆ ಅಥವಾ ಪ್ರಜ್ಞೆ ಮತ್ತೆ ಮಂಕಾದರೆ ವಿಮಾನ, ಇಲ್ಲದಿದ್ದರೆ ಇಲ್ಲೇ. ವಿಮಾ ಕಂಪನಿಯ ವೈದ್ಯರಿಗೂ ಅದನ್ನೇ ತಿಳಿಸಿದರು, ಏಕೆಂದರೆ ಅವರ ಒಪ್ಪಿಗೆ ಇಲ್ಲದೆ ಸಾಗಿಸಿದರೆ ಆ ಖರ್ಚು ಪಾಲಿಸಿಯಲ್ಲಿ ಬರುವುದಿಲ್ಲ. ನೈರೋಬಿಯಿಂದ ವೈದ್ಯಕೀಯ ಸಂಸ್ಥೆ ಅಮ್ರೆಫ್‌ನ ಏರ್ ಆಂಬುಲೆನ್ಸ್ ಪೂರ್ವ ಆಫ್ರಿಕಾದ ಎಲ್ಲೆಡೆಗೂ ಬರುತ್ತದೆ. 1957ರಿಂದ ನಡೆದು ಬಂದ ಸೇವೆ ಅದು. ಅದು ಇದೆ ಎಂಬುದೇ ಒಂದು ಧೈರ್ಯ. ಆದರೂ ಮೊದಲ ಚುಚ್ಚುಮದ್ದು ಇದ್ದ ಊರಿನಲ್ಲೇ ಬೀಳಬೇಕು, ಸಾಗಣೆಯ ಮಾತು ಆಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ರಿಯಾಟಿನಿನ್ ಇಳಿಯಿತು. ನಾನು ಮ್ಟ್ವಾರಾದಲ್ಲೇ ಉಳಿದೆ.

ಬಿಡುಗಡೆಯ ದಿನ ಮೇಲ್ವಿಚಾರಕರ ಕೈಯಲ್ಲಿ ಒಂದು ಕಡತವೇ ಇತ್ತು. ವೈದ್ಯರ ಸಹಿ ಮತ್ತು ಮೊಹರು ಇರುವ ವರದಿ, ಪ್ರತಿ ಪರೀಕ್ಷೆಯ ಫಲಿತಾಂಶ, ಔಷಧದಂಗಡಿಯ ಯಂತ್ರದಿಂದ ಬಂದ ರಸೀದಿಗಳು. ಆ ರಸೀದಿಗಳ ಅಕ್ಷರ ಬಿಸಿಲಿಗೆ ಬೇಗ ಮಾಸುತ್ತದೆಂದು ಪ್ರತಿಯೊಂದರ ಫೋಟೋ ತೆಗೆದಿಟ್ಟಿದ್ದರು. ವಿಮೆಯ ಹಣ ತಕರಾರಿಲ್ಲದೆ ಬಂದದ್ದು ಅದರಿಂದಲೇ.

ಕಾಯಿಲೆ ಅಲ್ಲಿಗೆ ಮುಗಿಯಲಿಲ್ಲ. ಆರ್ಟೆಸುನೇಟ್ ಚುಚ್ಚುಮದ್ದು ಪಡೆದ ಕೆಲವರಲ್ಲಿ, ಅದರಲ್ಲೂ ರಕ್ತದಲ್ಲಿ ಪರಾವಲಂಬಿಗಳು ಹೆಚ್ಚಾಗಿದ್ದವರಲ್ಲಿ, ಒಂದು ವಾರ ಕಳೆದ ಮೇಲೆ ಕೆಂಪು ರಕ್ತಕಣಗಳು ಒಡೆಯಲು ಶುರುವಾಗುತ್ತವೆ. ಔಷಧದ ಏಟಿಗೆ ಸತ್ತ ಪರಾವಲಂಬಿಯನ್ನು ಗುಲ್ಮ (ಸ್ಪ್ಲೀನ್) ಕಣದೊಳಗಿಂದ ಕಿತ್ತು ತೆಗೆದು ಕಣವನ್ನು ಮತ್ತೆ ರಕ್ತಕ್ಕೆ ಬಿಡುತ್ತದೆ. ಆ ಕಣಗಳ ಆಯಸ್ಸು ಕಡಿಮೆ, ಆಮೇಲೆ ಅವು ಒಟ್ಟೊಟ್ಟಿಗೆ ಸಾಯುತ್ತವೆ. ಮಲೇರಿಯಾ ವಾಸಿಯಾಗಿ ಮನೆಗೆ ಹೋದವನು ಆಗ ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುತ್ತಾನೆ. ವೈದ್ಯರು ಬಿಡುಗಡೆಯ ಚೀಟಿಯಲ್ಲೇ ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ಎಂದು ಬರೆದಿದ್ದರು. ಎರಡನೆಯ ವಾರ ಅದು ಕೆಳಗೆ ಬಂತು, ಮೂತ್ರದ ಬಣ್ಣವೂ ಗಾಢವಾಯಿತು. ರಕ್ತ ಕೊಡಬೇಕಾದೀತೆಂದು ಗುಂಪು ಹೊಂದುವ ಇಬ್ಬರು ಸಹೋದ್ಯೋಗಿಗಳು ಸಿದ್ಧರಾಗಿದ್ದರು, ಬೇಕಾಗಲಿಲ್ಲ. ನಾಲ್ಕನೆಯ ವಾರಕ್ಕೆ ಏರುಮುಖವಾಯಿತು. ಗೋದಾಮಿಗೆ ಮೊದಮೊದಲು ಬೆಳಗಿನ ಹೊತ್ತು ಮಾತ್ರ ಹೋದೆ, ಕತ್ತರಿಸುವ ಮೇಜಿನ ಬಳಿ ಕುರ್ಚಿ ಹಾಕಿಸಿಕೊಂಡು.

ಈಗ ನನ್ನ ಹಾಳೆಗೆ ಒಂದು ಸಾಲು ಸೇರಿದೆ. ಮಲೇರಿಯಾಕ್ಕೆ ಚಿಕಿತ್ಸೆ ಮುಗಿದ ಮೇಲೂ ರ‍್ಯಾಪಿಡ್ ಪಟ್ಟಿ ಹಿಡಿಯುವ ಪ್ರೋಟೀನ್ ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ, ಪರೀಕ್ಷೆ ಪಾಸಿಟಿವ್ ತೋರಿಸುತ್ತಲೇ ಇರುತ್ತದೆ. ಆ ಅವಧಿಯಲ್ಲಿ ಮತ್ತೆ ಜ್ವರ ಬಂದರೆ ಪಟ್ಟಿಯನ್ನು ನಂಬದೆ ರಕ್ತದ ಸ್ಲೈಡ್ ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಸ್ವಾಹಿಲಿಯ ಬದಿಯಲ್ಲಿ ಆ ಸಾಲನ್ನೂ ಮೇಲ್ವಿಚಾರಕರೇ ತಿದ್ದಿಕೊಟ್ಟಿದ್ದಾರೆ.