ಅಗೆ ಎರಡು ಸಲ ಹಾಕೋಕೆ ಶುರು ಮಾಡಿದ ಮೇಲೆ

ಸಾಗರ ತಾಲೂಕಿನಲ್ಲಿ ವರದಾ ಹೊಳೆ ಬದಿಗೆ ನಮ್ಮದು ಮೂರು ಎಕರೆ ಭತ್ತದ ಗದ್ದೆ. ಎರಡು ಎಕರೆ ಮೇಲಿನ ಮಕ್ಕಿ, ಒಂದು ಎಕರೆ ಹೊಳೆಗೆ ತಾಗಿಕೊಂಡ ಬೈಲು. ಮಕ್ಕಿಗೆ ಎಷ್ಟು ಮಳೆ ಬಂದರೂ ಸಾಲದು, ಬೈಲಿಗೆ ಸ್ವಲ್ಪ ಬಂದರೂ ಜಾಸ್ತಿ.

ಅಪ್ಪನ ಲೆಕ್ಕವೆಲ್ಲ ಮಳೆ ನಕ್ಷತ್ರದ ಮೇಲೆ. ರೋಹಿಣಿಗೆ ಉಳುಮೆ, ಮೃಗಶಿರಕ್ಕೆ ಅಗೆ (ಸಸಿ ಮಡಿಗೆ ಬೀಜ ಹಾಕೋದು), ಪುನರ್ವಸುವಿಗೆ ನೆಟ್ಟಿ. ಜೂನ್ 8ರ ಸುಮಾರಿಗೆ ಅಗೆ ಹಾಕಿದರೆ ಜುಲೈ ಮೊದಲ ವಾರಕ್ಕೆ ಸಸಿಗೆ 25–30 ದಿನ, ನೆಡೋಕೆ ಸರಿಯಾದ ವಯಸ್ಸು. ನಾನೂ ಸುಮ್ನೆ ಹಾಗೇ ಮಾಡಿಕೊಂಡು ಬಂದೆ, 2023ರ ತನಕ.

ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಅರಬ್ಬೀ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಬೇರೆ. ನಾನು ಅಭ್ಯಾಸ ಬಲದಿಂದ ಪಂಪಿನ ನೀರು ಕೊಟ್ಟು ಮೃಗಶಿರದಲ್ಲೇ ಅಗೆ ಹಾಕಿದ್ದೆ. 'ಆದ್ರೆ ಆರಿದ್ರೆ, ಇಲ್ಲದಿದ್ರೆ ದರಿದ್ರೆ' ಅಂತಾರಲ್ಲ, ಆರಿದ್ರೆ ಆಗಲೇ ಇಲ್ಲ. ಕೆಸರು ಹೂಡೋಕೆ ನೀರು ನಿಂತಿದ್ದು ಜುಲೈ ಮೂರನೇ ವಾರದಲ್ಲಿ, ಅಷ್ಟರಲ್ಲಿ ಸಸಿಗೆ 40 ದಿನ ಆಗಿ ಗಿಣ್ಣು ಬಂದಿತ್ತು. ಮುದಿ ಸಸಿ ನೆಟ್ಟರೆ ತೆಂಡೆ (ಬುಡದ ಮರಿ) ಒಡೆಯೋಲ್ಲ. ಗುಣಿಗೆ ನಾಲ್ಕೈದು ಸಸಿ ಇಟ್ಟು ನೋಡಿದೆ. ಆಮೇಲೆ ಬಂದಿದ್ದು 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್, ಮಕ್ಕಿ ಗದ್ದೆ ಬಿರುಕು ಬಿಟ್ಟಿತು. ಮನೆ ಊಟಕ್ಕಾಗುವಷ್ಟು ಭತ್ತ ಬಂತು, ಅಷ್ಟೇ.

ಬೈಲಿನ ಪಾಠ ಅದಕ್ಕೂ ಮೊದಲೇ ಆಗಿತ್ತು. 2019ರ ಆಗಸ್ಟ್, ಆಶ್ಲೇಷ ಮಳೆ. ಹೊಳೆ ಒಳಗೆ ಬಂದು ಒಂಬತ್ತು ದಿನ ಇಳಿಯಲೇ ಇಲ್ಲ. ನೀರು ಬರೋ ನಾಲ್ಕು ದಿನ ಮೊದಲು ಯೂರಿಯಾ ಎರಚಿದ್ದೆ, ಅದೇ ನನ್ನ ದೊಡ್ಡ ತಪ್ಪು. ಯೂರಿಯಾ ತಿಂದ ಎಳೆ ಸಸಿ ಮುಳುಗಿದರೆ ಬೇಗ ಕೊಳೆಯುತ್ತೆ, ರಾಡಿ ನೀರಲ್ಲಿ ಬೆಳಕೂ ಸಿಗೋಲ್ಲ. ಪಕ್ಕದವರ ನೆರೆಗೂಳಿ ಭತ್ತ ಮಾತ್ರ ನೀರು ಇಳಿದ ಮೇಲೆ ಮೈಯೆಲ್ಲ ಮಣ್ಣು ಬಳಿದುಕೊಂಡು ನಿಂತಿತ್ತು, ವಾರದಲ್ಲಿ ಹೊಸ ಸುಳಿ ಬಿಟ್ಟಿತು! ಈಗ ಬೈಲಿಗೆ ಅದೇ. ಇಳುವರಿ ಕಡಿಮೆ, ಹೌದು, ಆದರೆ ಸೊನ್ನೆಗಿಂತ ಜಾಸ್ತಿ ಅಲ್ವಾ?

120 ದಿನದ ತಳಿ ಹಾಕಿ ಬೇಗ ಕೊಯ್ದುಬಿಡೋಣ ಅಂತಲೂ ಒಂದು ವರ್ಷ ಬುದ್ಧಿ ಓಡಿಸಿದ್ದೆ. ಹೂವು ಉತ್ತರೆ ಮಳೆಗೆ ಸಿಕ್ಕಿಬಿತ್ತು. ಭತ್ತದ ಹೂವು ಬಾಯಿ ಬಿಡೋದು ಬೆಳಿಗ್ಗೆ 9ರಿಂದ ಮಧ್ಯಾಹ್ನದ ಒಳಗೆ, ಸ್ವಲ್ಪ ಹೊತ್ತು ಮಾತ್ರ. ದಿನಾ ಅದೇ ಹೊತ್ತಿಗೆ ಮಳೆ ಹೊಯ್ದರೆ ಪರಾಗ ತೊಳೆದು ಹೋಗಿ ಬರೀ ಜೊಳ್ಳು. ನಮ್ಮ ಕಡೆ ಭೂಮಿ ಹುಣ್ಣಿಮೆ ದಿನ ಗದ್ದೆಗೆ ಬಯಕೆ ಊಟ ಬಡಿಸೋ ಹೊತ್ತಿಗೆ ಭತ್ತ ಹೊಡೆಯಲ್ಲಿ (ತೆನೆ ಇನ್ನೂ ಒಳಗೆ) ಇರಬೇಕು ಅಂತ ಹಿರಿಯರು ಯಾಕೆ ಇಟ್ಟುಕೊಂಡಿದ್ದರು ಅಂತ ಆಗ ಗೊತ್ತಾಯಿತು. ಹಾಗಂತ ತಡವಾದ ಬೆಳೆಯೂ ಗ್ಯಾರಂಟಿ ಅಲ್ಲ. 2021ರ ನವೆಂಬರಿನಲ್ಲಿ ಕೊಯ್ದು ಹರಡಿದ್ದ ಭತ್ತ ಅಕಾಲ ಮಳೆಗೆ ಗದ್ದೆಯಲ್ಲೇ ಮೊಳಕೆ ಬಂದಿತ್ತು. ವಿಮೆಯ ಕಥೆ ಬೇಡ ಬಿಡಿ.

2024ರಿಂದ ನಾನು ಮಾಡುತ್ತಿರೋದು ಇಷ್ಟು. ಮಕ್ಕಿಗೆ ಅಗೆಯನ್ನು ಎರಡು ಕಂತಿನಲ್ಲಿ ಹಾಕುತ್ತೇನೆ. ಮೃಗಶಿರದಲ್ಲಿ 40 ಕೆಜಿ, ಹದಿನೈದು ದಿನ ಬಿಟ್ಟು ಆರಿದ್ರೆಯಲ್ಲಿ 25 ಕೆಜಿ; ಮೊದಲೆಲ್ಲ 50 ಕೆಜಿಗೆ ಮುಗಿಯುತ್ತಿತ್ತು. ಮಳೆ ಯಾವಾಗ ಬಂದರೂ ಒಂದಾದರೂ ಹದದ ಸಸಿ ಕೈಯಲ್ಲಿ ಇರುತ್ತೆ. ಯೂರಿಯಾ ಮೂರು ಸಲ, ಸ್ವಲ್ಪ ಸ್ವಲ್ಪ. ಮುಂದಿನ ವಾರ ಜೋರು ಮಳೆ ಅಂತ ಮುನ್ಸೂಚನೆ ಇದ್ದರೆ ಚೀಲ ಬಿಚ್ಚೋದೇ ಇಲ್ಲ. ಮೋಡ, ಜಿಟಿಜಿಟಿ, ತಣ್ಣನೆ ರಾತ್ರಿ ಮೂರೂ ಸೇರಿದರೂ ಹಾಗೇ, ಯೂರಿಯಾ ಜಾಸ್ತಿಯಾದ ಗದ್ದೆಗೆ ಬೆಂಕಿ ರೋಗ ಮೊದಲು ಬರೋದು.

ಮೊದಲ ವರ್ಷ ಮಳೆ ಸರಿಯಾಗಿ ಬಂದು ಎರಡನೇ ಅಗೆ ಅರ್ಧ ಉಳಿಯಿತು, ಪಕ್ಕದ ಮನೆಯವರು ಕಿತ್ತುಕೊಂಡು ಹೋದರು. ಹೆಚ್ಚಿಗೆ ಹಾಕಿದ ಆ 15 ಕೆಜಿ ಬೀಜದ ಲೆಕ್ಕ ಅಪ್ಪ ಇವತ್ತಿಗೂ ಕೇಳುತ್ತಾರೆ.